ಮೂರು ಸಲ ತಪ್ಪಿದರೆ

ಗಂಡಂದಿರ ಏಟು ತಾಳಲಾರದೆ ಓಡಿಬಂದ ಹೆಂಗಸರನ್ನು ಬಚ್ಚಿಟ್ಟು ಕಾಪಾಡುವ ಆಫೀಸು ಅದು. ಯಾರು ಯಾವ ಮನೆಯಲ್ಲಿದ್ದಾರೆ ಎಂಬ ಪಟ್ಟಿ ಅಲ್ಲಿನ ಕಂಪ್ಯೂಟರಿನಲ್ಲಿತ್ತು. ಅದನ್ನು ನೋಡಿಕೊಳ್ಳುವವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಒಬ್ಬ ಗಂಡ ಕಬ್ಬಿಣದ ಸಲಾಕೆ ಹಿಡಿದು ಬಂದು ಕಿಟಕಿಗಳನ್ನೂ ಕಾವಲುಗಾರನ ದವಡೆಯನ್ನೂ ಪುಡಿ ಮಾಡಿ ಹೋದ ಮೇಲೆ, ಎಲ್ಲರೂ ಮನೆಯಿಂದಲೇ ಕೆಲಸ ಮಾಡುವುದೆಂದಾಯಿತು.

ಮನೆಯಿಂದ ಆಫೀಸಿನ ಕಂಪ್ಯೂಟರಿಗೆ ಗುಟ್ಟಿನ ದಾರಿ ಹಾಕಿಕೊಡಲು ನೆಟ್‌ವರ್ಕಿನವನು ಬಂದ. ವಿಪಿಎನ್ ಎಂದ. ಅದರಲ್ಲಿ ಎರಡು ಬಗೆ ಎಂದ.

"ಒಂದರಲ್ಲಿ ಒಮ್ಮೆ ಪಾಸ್‌ವರ್ಡ್ ಕೊಟ್ರೆ ಮುಗೀತು. ಇನ್ನೊಂದರಲ್ಲಿ ಪ್ರತಿ ಸಲ ಫೋನಿಗೆ ಬರೋ ಅಂಕಿ ಒತ್ತಬೇಕು. ಮೂರು ಸಲ ತಪ್ಪಿದ್ರೆ ಬಾಗಿಲು ಬಂದ್. ಆಮೇಲೆ ನೀವೇ ಆಫೀಸಿಗೆ ಬಂದು ನನ್ನ ಕೈಲಿ ತೆಗೆಸ್ಕೋಬೇಕು."

"ಮೊದಲನೇದೇ ಹಾಕಪ್ಪ. ಫೋನ್ ಹುಡುಕೋದ್ರಲ್ಲೇ ನನ್ನ ಅರ್ಧ ಆಯಸ್ಸು ಹೋಗಿದೆ."

ಅವನು ನಗಲಿಲ್ಲ. "ಮನೆಗೆ ಯಾರ್ಯಾರು ಬರ್ತಾರಕ್ಕಾ?"

ಅಕ್ಕನಿಗೆ ತಮ್ಮ ನೆನಪಾದ. ಅವನ ಹೆಂಡತಿಯನ್ನು, ಕಿವಿಯಿಂದ ರಕ್ತ ಸೋರುತ್ತಿದ್ದವಳನ್ನು, ಕೈ ಹಿಡಿದು ತಂದು ಬಚ್ಚಿಟ್ಟವಳು ಇವಳೇ. "ಎರಡನೇದೇ ಇರಲಿ" ಎಂದಳು.

ತಿಂಗಳು ತುಂಬಿರಲಿಲ್ಲ. ಒಂದು ಮಧ್ಯಾಹ್ನ ತಮ್ಮ ಒಳಗೆ ಬಂದವನೇ ಚಿಲಕ ಹಾಕಿದ.

"ಅವಳೆಲ್ಲಿ ಅಕ್ಕಾ?"

"ನಂಗೊತ್ತಿಲ್ಲ."

"ಎತ್ತಿ ಆಡಿಸಿದವಳು ಅಂತ ಸುಮ್ಮನಿದ್ದೀನಿ."

"ಹಂಗಾದ್ರೆ ಸುಮ್ಮನೇ ಇರು."

ಏಟು ಬಾಯಿಗೇ ಬಿತ್ತು. ಹಲ್ಲೆರಡು ಕಿತ್ತು ನಾಲಿಗೆಯ ಮೇಲೆ ಬಂದವು. ಕೂದಲು ಹಿಡಿದು ಎಳೆದು ಕಂಪ್ಯೂಟರಿನ ಮುಂದೆ ಕುಕ್ಕಿದ. ಎಡಗೈಯ ಕಿರುಬೆರಳನ್ನು ಹಿಂದಕ್ಕೆ ಮಡಿಸಿದ. ಲಟಕ್ಕೆಂದಿತು.

"ಪಟ್ಟಿ ತೆಗಿ. ಇನ್ನೂ ಒಂಬತ್ತಿವೆ."

ಫೋನಿಗೆ ಅಂಕಿ ಬಂತು. ಅಕ್ಕ ಕೊನೆಯದನ್ನು ಬೇಕೆಂದೇ ಬದಲಿಸಿ ಒತ್ತಿದಳು. ತಪ್ಪು ಎಂದಿತು.

"ಕಣ್ಣು ಕತ್ತಲೆ ಕಟ್ತಿದೆ ಕಣೋ, ಕಾಣಲ್ಲ."

ಅವನು ಮಂಡಿಗೆ ಒದ್ದ. ಮೂಳೆ ಪಕ್ಕಕ್ಕೆ ಜರುಗಿತು. ಕೂಗು ನುಂಗಿಕೊಂಡು ಮತ್ತೆ ಒತ್ತಿದಳು. ಮತ್ತೆ ತಪ್ಪು.

"ಕೊಡಿಲ್ಲಿ, ನಾಟಕದವಳೇ. ನಾನೇ ಒತ್ತೀನಿ." ಫೋನ್ ಕಿತ್ತುಕೊಂಡು ಅಂಕಿ ಓದುತ್ತ ಬಗ್ಗಿದ. ಅವನ ಬೆರಳು ತಾಗುವ ಮುಂಚೆಯೇ ಅಕ್ಕ ಮುರಿದ ಕೈಯನ್ನೇ ಕೀಲಿಗಳ ಮೇಲೆ ಅಪ್ಪಳಿಸಿದಳು.

ಮೂರನೇ ತಪ್ಪು. ಬಾಗಿಲು ಬಂದ್ ಆಯಿತು.

"ತೆಗಿ."

"ಈಗ ನನ್ನ ಕೈಲೂ ಆಗಲ್ಲ. ಆಫೀಸಿಗೆ ನಾನೇ ಹೋಗಬೇಕು."

"ಏಳು, ಹೋಗೋಣ."

ಏಳಲು ಹೋಗಿ ಕುಸಿದಳು. ನೆಲದ ಮೇಲೆ ರಕ್ತ ಉಗುಳಿ, "ಹೊತ್ಕೊಂಡು ಹೋಗ್ತೀಯಾ? ಯಾರು ಹೊಡೆದದ್ದು ಅಂತ ಅಲ್ಲಿ ಕೇಳ್ತಾರೆ. ಏನು ಹೇಳಲಿ?" ಎಂದಳು.

ಅವನು ಕುರ್ಚಿ ಎತ್ತಿ ಕಂಪ್ಯೂಟರಿನ ಮೇಲೆ ಬಡಿದ, ಚೂರು ಚೂರಾಗುವವರೆಗೂ ಬಡಿದ. ಪಟ್ಟಿ ಅದರೊಳಗೆ ಇರಲಿಲ್ಲ. ಸದ್ದಿಗೆ ಅಕ್ಕಪಕ್ಕದವರು ಬಂದು ಬಾಗಿಲು ಗುದ್ದತೊಡಗಿದರು. ಅಕ್ಕ ಮೊಣಕೈ ಊರಿ, ಚೂರುಗಳ ಮೇಲೆಯೇ ತೆವಳಿಕೊಂಡು, ಚಿಲಕದ ಕಡೆ ಹೊರಟಳು.