ಹನ್ನೊಂದರಲ್ಲಿ ಏಳು

ಕುಲುಕಿದರೆ ಸತ್ತೇ ಹೋಗುತ್ತದೆ ಎಂದೇನಿರಲಿಲ್ಲ. ಆದರೂ ಸೇಡಂ ಬಿಟ್ಟಾಗಿನಿಂದ ಕೌಸ್ತುಭ ಗಾಜಿನ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಸ್ಸು ತಗ್ಗಿಗಿಳಿದಾಗಲೆಲ್ಲ ತೊಡೆಯಿಂದ ಒಂದಂಗುಲ ಮೇಲೆತ್ತುತ್ತಿದ್ದ. ಬಾಟಲಿಯೊಳಗೆ ನಿಂಬೆಯ ಕಡ್ಡಿ. ಕಡ್ಡಿಗೆ ಎಳೆ ನೂಲಿನ ಪಟ್ಟಿ ಕಟ್ಟಿಕೊಂಡು ಒರಗಿದ್ದ ಚಿಟ್ಟೆಯ ಕೋಶ. ಪಕ್ಕದ ಮುದುಕ, ‘ಔಷಧ ಏನ್ರಿ?’ ಎಂದು ಕೇಳಿದ. ‘ಹೌದು’ ಎಂದ ಕೌಸ್ತುಭ. ಸುಳ್ಳು ಹೇಳುವ ಅಗತ್ಯವೇನೂ ಇರಲಿಲ್ಲ.

ಎದೆಯ ಜೇಬಿನಲ್ಲಿ ಫೋನು ನಡುಗಿತು. ಚಂದ್ರಕಲಾ ಇರಬೇಕು. ಎರಡೂ ಕೈ ಬಾಟಲಿಯ ಮೇಲಿದ್ದವು, ಹಾಗಾಗಿ ಎತ್ತಲಾಗಲಿಲ್ಲ. ಇಂಥ ಕಾರಣಗಳು ಅವನಿಗೆ ಸಮಯಕ್ಕೆ ಸರಿಯಾಗಿ ಒದಗಿಬರುತ್ತಿದ್ದವು.

ಎರಡು ವರ್ಷದ ಕೆಳಗೆ ಅವನು ಪ್ರಾಣಿಶಾಸ್ತ್ರದ ಖಾಯಂ ಅಧ್ಯಾಪಕನಾಗಿ ಸೇಡಂನ ಕಾಲೇಜಿಗೆ ವರ್ಗವಾಗಿ ಬಂದ. ಬಂದ ದಿನವೇ ಅಲ್ಲಿ ಆರು ವರ್ಷ ಪಾಠ ಮಾಡಿದ್ದ ಅತಿಥಿ ಉಪನ್ಯಾಸಕಿ ಚಂದ್ರಕಲಾ ಕೆಲಸ ಕಳೆದುಕೊಂಡಳು. ಖಾಯಂನವರು ಬಂದರೆ ಅತಿಥಿ ಏಳಬೇಕು, ಅದು ನಿಯಮ. ಅದರಲ್ಲಿ ಅವನ ತಪ್ಪು ಏನೂ ಇರಲಿಲ್ಲ, ಮತ್ತು ಹಾಗೆಂದು ಅವನು ತನಗೆ ತಾನೇ ಅನೇಕ ಸಲ ಹೇಳಿಕೊಂಡಿದ್ದ. ಅವಳು ಕಪಾಟಿನ ಕೀಲಿ ಅವನ ಕೈಗಿಟ್ಟು, ‘ಹಿಂದ ಚಿಟ್ಟಿ ತೋಟ ಅದರಿ ಸರ್. ನಿಂಬಿ ಎಲೀ ಮ್ಯಾಲ ಸಿಮೆಂಟ್ ಧೂಳ ಕೂಡ್ತದ. ಧೂಳ ಇದ್ರ ಹುಳ ಬಾಯಿ ಹಚ್ಚಂಗಿಲ್ಲ. ಮುಂಜಾನಿ ಹಸಿ ಅರಬೀಲೆ ಒಂದೊಂದೇ ಎಲೀ ಒರಸಬೇಕಾಗ್ತದರಿ’ ಎಂದಿದ್ದಳು.

ಅವನು ಒರೆಸಲಿಲ್ಲ. ಪೈಪು ಹಿಡಿದ. ನೀರಿನ ರಭಸಕ್ಕೆ ಧೂಳಿನ ಜೊತೆ ಮೊಟ್ಟೆಗಳೂ ಕೊಚ್ಚಿ ಹೋದವು. ಅವಳ ಕಾಲದಲ್ಲಿ ಕಿಟಕಿಯವರೆಗೂ ಹಾರಾಡುತ್ತಿದ್ದವಂತೆ ಚಿಟ್ಟೆಗಳು. ಈ ವರ್ಷ ಇಡೀ ತೋಟದಲ್ಲಿ ಸಿಕ್ಕಿದ್ದು ಈ ಒಂದು ಕೋಶ.

ಹುಳ ಹೋದರೂ ಹೆಸರು ಬಂತು. ಕಪಾಟಿನಲ್ಲಿ ಅವಳ ನೋಟುಪುಸ್ತಕ ಉಳಿದುಕೊಂಡಿತ್ತು. ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳ, ಮುಟ್ಟಿದರೆ ಕೆಂಪು ಕೋಡು ಚಾಚಿ ನಾರುವ ಹಸಿರು ಹುಳ, ಉಣ್ಣದೆ ತಿನ್ನದೆ ಒರಗಿರುವ ಕೋಶ, ಕೊನೆಗೆ ಚಿಟ್ಟೆ. ಮನುಷ್ಯ ಬೆಳೆಯುವುದೂ ಹೀಗೆಯೇ ಎಂದು ಮಕ್ಕಳಿಗೆ ಹೇಳಲು ಅವಳು ಬರೆದುಕೊಂಡಿದ್ದ ಮಾತುಗಳು. ಅವನು ಒಂದು ಸಮಾರಂಭದಲ್ಲಿ, ಬೇರೇನೂ ಹೊಳೆಯದೆ, ಅವನ್ನೇ ಹೇಳಿದ. ಚಪ್ಪಾಳೆ ಬಿತ್ತು. ಆಮೇಲೆ ಚಿತ್ತಾಪುರದವರು ಕರೆದರು, ವಾಡಿಯವರು ಕರೆದರು, ಚಿಂಚೋಳಿಯವರು ಕಾರು ಕಳಿಸಿದರು. ಕಾಲೇಜು ನೋಡಲು ಬಂದ ತಂಡವೊಂದು ತೋಟದ ಮುಂದೆ ಅವನ ಫೋಟೋ ತೆಗೆದುಕೊಂಡಿತು. ಇದನ್ನು ಮಾಡಿದವರು ಯಾರು ಎಂದು ಅವರು ಕೇಳಲಿಲ್ಲ, ಅವನು ಹೇಳಲಿಲ್ಲ. ಸುಳ್ಳು ಎಂಬುದು ಅಲ್ಲಿ ಎಲ್ಲಿಯೂ ಇರಲಿಲ್ಲ.

ಒಂದು ಪುಟವನ್ನು ಮಾತ್ರ ಅವನು ಭಾಷಣದಿಂದ ಬಿಟ್ಟಿದ್ದ. ‘ಹನ್ನೊಂದು ಕೋಶ ಇಟ್ಟೆ. ನಾಲ್ಕರಲ್ಲಿ ಚಿಟ್ಟೆ. ಏಳರಲ್ಲಿ ಕಣಜ. ಕಣಜ ಹುಳದ ಮೈಯೊಳಗೆ ಮೊಟ್ಟೆ ಇಡುತ್ತದೆ. ಅದರ ಮರಿ ಹುಳವನ್ನು ಒಳಗಿಂದ ತಿಂದು ಬೆಳೆದು, ಚಿಟ್ಟೆ ಬರಬೇಕಾದ ಬಾಗಿಲಿಂದ ತಾನು ಬರುತ್ತದೆ. ಇದನ್ನೂ ಮಕ್ಕಳಿಗೆ ಹೇಳಬೇಕು.’ ಕೊನೆಯ ವಾಕ್ಯದ ಕೆಳಗೆ ಅವಳು ಎರಡು ಗೆರೆ ಎಳೆದಿದ್ದಳು. ಜನಕ್ಕೆ ಭರವಸೆ ಬೇಕು ಎಂದು ಅವನು ಆ ಪುಟ ತಿರುವಿಹಾಕಿದ್ದ.

ಈಗ ಅವಳಿಗೆ ಬೇಕಾಗಿದ್ದದ್ದು ಒಂದು ಪತ್ರ. ಆರು ವರ್ಷ ಪಾಠ ಮಾಡಿದ್ದು, ತೋಟ ಕಟ್ಟಿದ್ದು, ದಾಖಲೆ ಇಟ್ಟಿದ್ದು ತಾನೇ ಎಂದು ವಿಭಾಗದ ಮುಖ್ಯಸ್ಥನಾದ ಅವನ ಸಹಿಯುಳ್ಳ ಪತ್ರ. ಬೇರೊಂದು ಕಾಲೇಜಿನಲ್ಲಿ ಜಾಗ ಖಾಲಿಯಿತ್ತು. ಕೇಳಿ ಮೂರು ತಿಂಗಳಾಗಿತ್ತು. ಅರ್ಜಿ ಹಾಕಲು ಇವತ್ತು ಸಂಜೆ ಐದು ಕೊನೆ. ಪತ್ರ ಅವನ ಚೀಲದಲ್ಲಿತ್ತು, ಸಹಿಯಾಗಿ, ಕಾಲೇಜಿನ ಮೊಹರಿನ ಶಿಕ್ಕಾ ಬಿದ್ದು, ವಾರದಿಂದ.

ಬೆಳಗ್ಗೆ ಅಂಗಿಗೆ ಇಸ್ತ್ರಿ ಹಾಕುತ್ತ ಹೆಂಡತಿ ಶ್ರೀವಾಣಿ, ‘ಆ ಚಂದ್ರಕಲಾಬಾಯಿಗೆ ಪತ್ರ ಕೊಟ್ರೇನು?’ ಎಂದಿದ್ದಳು.

‘ಕೊಡ್ತೀನಿ.’

‘ಕೊಡ್ತೀನಿ ಅನ್ನೋದು ಬ್ಯಾರೆ, ಕೊಟ್ಟೆ ಅನ್ನೋದು ಬ್ಯಾರೆ’ ಎಂದು ಅವಳು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ಇಟ್ಟಳು.

ಭಾಷಣಕ್ಕೆ ಕರೆದಿದ್ದ ಕೋಡ್ಲಾದ ಶಾಲೆಯ ಗೇಟಿನ ಬಳಿ ಅವನು ಇಳಿದಾಗ ಚಂದ್ರಕಲಾ ನಿಂತಿದ್ದಳು. ಈಗ ಶಹಾಬಾದಿನ ಫರ್ಸಿಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಲಾರಿಗಳ ಗೇಟ್ ಪಾಸ್ ಬರೆಯುತ್ತಾಳೆ. ವಾಡಿಯಲ್ಲಿ ಗಾಡಿ ಬದಲಿಸಿ ಬಂದಿದ್ದಳು. ಚಪ್ಪಲಿಯ ಅಂಚಿನಲ್ಲಿ ಬಿಳಿ ಪುಡಿ ಇತ್ತು.

‘ಫೋನ್ ಎತ್ತಲಿಲ್ರಿ ಸರ್. ಇಲ್ಲಿ ಪ್ರೋಗ್ರಾಂ ಅದ ಅಂತ ನಿಮ್ಮ ಮನೀ ಮ್ಯಾಡಂ ಹೇಳಿದ್ರು. ಅದಕ್ಕ ಬಂದೆ.’

‘ಬಸ್ಸಿನಾಗಿದ್ದೆ.’

‘ಪತ್ರ?’

ಚೀಲ ಅವನ ಭುಜದ ಮೇಲೇ ಇತ್ತು. ‘ಶಿಕ್ಕಾ ಒಂದು ಉಳದದ’ ಎಂದ. ‘ಪ್ರೋಗ್ರಾಂ ಮುಗೀಲಿ. ನೋಡೋಣ.’

‘ಐದರೊಳಗ ಕಳಿಸಬೇಕ್ರಿ. ಶಿಕ್ಕಾ ಇಲ್ಲದಿದ್ರೂ ನಡೀತದ. ನಿಮ್ಮ ಸಹಿ ಇದ್ರ ಸಾಕು.’

‘ನೋಡೋಣಂದೆನಲ್ಲ.’

ಅವಳು ಬಾಟಲಿಯ ಕಡೆ ಬಗ್ಗಿದಳು. ಆ ಕ್ಷಣ ಅವಳ ಮುಖದಿಂದ ಪತ್ರವೂ ಐದು ಗಂಟೆಯೂ ಮಾಯವಾದವು, ಅದನ್ನು ಅವನು ಕಂಡ.

‘ಎಷ್ಟು ದಿನ ಆಯ್ತ್ರಿ ಇದು ಕಟ್ಟಿ?’

‘ಹದಿನಾರು.’

‘ಇಷ್ಟೊತ್ತಿಗೆ ರೆಕ್ಕಿ ಬಣ್ಣ ಕಾಣಬೇಕಿತ್ತು. ಕಾಣವಲ್ದು.’

‘ಇವತ್ತೋ ನಾಳೆಯೋ.’

‘ಇದರಾಗ ಚಿಟ್ಟಿ ಇಲ್ರಿ ಸರ್’ ಎಂದಳು ಚಂದ್ರಕಲಾ.

ಅವನಿಗೆ ಗೊತ್ತಿತ್ತು. ಮೂರು ದಿನದಿಂದ ಗೊತ್ತಿತ್ತು, ಅವನೂ ಓದಿದವನೇ. ಆದರೂ ತಂದಿದ್ದ. ದೂರದಿಂದ ನೋಡುವವರಿಗೆ ಕೋಶ ಎಂದರೆ ಕೋಶ.

ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿ ರಾಧಿಕಾ ಅವನನ್ನು ಪರಿಚಯಿಸುತ್ತ, ‘ಈ ಧೂಳಿನ ಊರಿಗೆ ಚಿಟ್ಟೆ ತಂದವರು’ ಎಂದರು. ಚಂದ್ರಕಲಾ ಕೊನೆಯ ಸಾಲಿನ ಕುರ್ಚಿಯಲ್ಲಿ, ಮಡಿಲಲ್ಲಿ ಕೈಯಿಟ್ಟು ಕುಳಿತಿದ್ದಳು. ಅವನು ಮಾತಾಡಿದ. ಮಾತು ತಾನಾಗಿ ಬಂತು, ಬಾಯಿಪಾಠವಾದ ಮಂತ್ರ ಬರುವ ಹಾಗೆ. ಅವನ ತಂದೆ ಪಾಂಡುರಂಗಾಚಾರ್ಯರು ಗುಡಿಯಲ್ಲಿ ಹೀಗೆಯೇ, ಮನಸ್ಸು ಎಲ್ಲೋ ಇಟ್ಟು, ಒಂದಕ್ಷರ ತಪ್ಪದೆ ಹೇಳುತ್ತಿದ್ದರು. ಆದರೆ ಅವರು ಅದನ್ನು ತಾವೇ ರಚಿಸಿದೆವೆಂದು ಯಾರಿಗೂ ಅನಿಸಗೊಟ್ಟಿರಲಿಲ್ಲ.

‘ಕೋಶದಿಂದ ಹೊರಬರುವಾಗ ಚಿಟ್ಟೆ ಒದ್ದಾಡುತ್ತದೆ’ ಎಂದ. ‘ನೋಡಲಾಗದೆ ನಾವು ಕೋಶ ಸೀಳಿದರೆ ಅದರ ರೆಕ್ಕೆ ಬಲಿಯುವುದಿಲ್ಲ. ಆದ್ದರಿಂದ ಯಾರೂ ನೆರವಾಗಬಾರದು.’

ಈ ಕೊನೆಯ ವಾಕ್ಯ ಅವಳ ಪುಸ್ತಕದಲ್ಲಿ ಇರಲಿಲ್ಲ. ಅದು ಅವನದೇ. ಇಡೀ ಭಾಷಣದಲ್ಲಿ ತನ್ನದು ಎಂದು ಇದ್ದದ್ದು ಅದೊಂದೇ ಎಂದು ಅವನಿಗೆ ಅಲ್ಲಿ, ಮೈಕಿನ ಮುಂದೆ, ಹೊಳೆಯಿತು. ನಾಚಿಕೆಯಾಯಿತು. ನೀರು ಕುಡಿದು ಮಾತು ಮುಂದುವರಿಸಿದ.

ಪ್ರಶ್ನೆಯ ಹೊತ್ತಿಗೆ ನಡುಸಾಲಿನ ಹುಡುಗಿಯೊಬ್ಬಳು ಎದ್ದಳು. ಹೆಸರು ನಾಹಿದ ಎಂದಳು.

‘ಸರ್, ನಮ್ಮ ಮನೀ ಗಿಡದ ಎಲೀ ಎಲ್ಲಾ ಬೆಳ್ಳಗ ಇರ್ತಾವ್ರಿ. ಧೂಳ ತಿಂದು ಹುಳ ಸಾಯಂಗಿಲ್ಲೇನ್ರಿ?’

ಎರಡು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಕೊನೆಯ ಸಾಲಿನಲ್ಲಿ ಚಂದ್ರಕಲಾ ತಲೆ ಎತ್ತಿದಳು. ಬೆರಳು ತೋರಿಸಿದರೆ ಸಾಕಿತ್ತು. ಅಗೋ ಅಲ್ಲಿ ಕೂತಿದ್ದಾರಲ್ಲ, ಅವರನ್ನು ಕೇಳು ಎಂದರೆ ಮುಗಿಯಿತು. ಪತ್ರಕ್ಕಿಂತ ಹಗುರವಾದ ಕೆಲಸ ಅದು, ಮತ್ತು ಪತ್ರವೂ ಆಮೇಲೆ ತಾನಾಗಿ ಚೀಲದಿಂದ ಹೊರಗೆ ಬರುತ್ತಿತ್ತು.

‘ಎಲೆ ಒರೆಸಬೇಕು’ ಎಂದ. ‘ಹಸಿ ಬಟ್ಟೆಯಿಂದ. ದಿನಾ ಬೆಳಗ್ಗೆ. ಒಂದೊಂದೇ.’

‘ಅಷ್ಟೂ ಎಲೀನಾ? ಯಾರು ಒರಸ್ತಾರ್ರಿ?’

‘ನಾವು’ ಎಂದ ಕೌಸ್ತುಭ.

ಜೋರಾಗಿ ಚಪ್ಪಾಳೆ ಬಿತ್ತು. ‘ನಾವು’ ಎನ್ನುವುದರಲ್ಲಿ ಚಂದ್ರಕಲಾಗೂ ಪಾಲು ಕೊಟ್ಟೆನಲ್ಲ ಎಂದು ಅವನ ಮನಸ್ಸಿನ ಒಂದು ಮೂಲೆ ಸಮಾಧಾನ ಹೇಳಿತು. ಇನ್ನೊಂದು ಮೂಲೆಯಲ್ಲಿ ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಎಂಬ ಗಾದೆ ಬಂದು ಕೂತಿತು. ಗಾದೆಗಳಿಗೆ ಮರ್ಯಾದೆಯಿಲ್ಲ, ಕರೆಯದೇ ಬರುತ್ತವೆ.

ರಾಧಿಕಾ ಶಾಲು ಹೊದಿಸಿದರು. ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ, ಆದರೂ ಅವನ ಕೈ ಹೆಗಲು ಮುಟ್ಟಿ ನೋಡಿಕೊಂಡಿತು. ತಲೆ ಎತ್ತಿದಾಗ ಕೊನೆಯ ಸಾಲಿನ ಕುರ್ಚಿ ಖಾಲಿಯಾಗಿತ್ತು.

ಗೋಡೆಯ ಗಡಿಯಾರದಲ್ಲಿ ನಾಲ್ಕು ಹತ್ತು. ಕಿಟಕಿಯಾಚೆ ಅವಳು ರಸ್ತೆಯ ಬದಿಗೆ, ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿ ನಿಂತಿದ್ದಳು. ಇಲ್ಲಿಂದ ಗೇಟಿಗೆ ಐವತ್ತು ಹೆಜ್ಜೆ ಇರಬಹುದು. ಪತ್ರ ಕೊಟ್ಟರೆ ಅವಳು ಸೇಡಂ ಮುಟ್ಟಿ, ಸ್ಕ್ಯಾನ್ ಮಾಡುವ ಅಂಗಡಿ ಹುಡುಕಿ, ಕಳಿಸುವಷ್ಟು ಹೊತ್ತು ಇನ್ನೂ ಇತ್ತು. ಶಾಲಿನ ಕೆಳಗೆ ಚೀಲದ ಜಿಪ್ಪು ಎಳೆದ. ಕಾಗದದ ಅಂಚು ಬೆರಳಿಗೆ ತಾಗಿತು. ಎರಡು ಹೆಜ್ಜೆ ಇಟ್ಟ. ನಿಜವಾಗಿಯೂ ಇಟ್ಟ, ಆಮೇಲೆ ಅನೇಕ ದಿನ ಅವನು ಆ ಎರಡು ಹೆಜ್ಜೆಗಳನ್ನು ನೆನೆಸಿಕೊಳ್ಳಲಿದ್ದ.

‘ಸರ್, ಬಂತು!’ ಎಂದು ಮೇಜಿನ ಸುತ್ತ ಮಕ್ಕಳು ಕೂಗಿದರು.

ಕೋಶದ ತುದಿಯಲ್ಲಿ ದುಂಡಗೆ ಒಂದು ತೂತು ಬಿದ್ದಿತ್ತು. ಅದರಿಂದ ಕಪ್ಪು ತಲೆ, ನಡುಗುವ ಎರಡು ಮೀಸೆ, ಆಮೇಲೆ ದಾರದಂಥ ಸೊಂಟ ಹೊರಗೆ ಬಂದವು. ಒದ್ದಾಟ ಏನೂ ಇರಲಿಲ್ಲ. ತನ್ನ ಮನೆಯಿಂದಲೇ ಬರುವ ಹಾಗೆ ಅದು ಸಲೀಸಾಗಿ ಬಂತು.

‘ಸಣ್ಣದದಲ್ರಿ’ ಎಂದಳು ನಾಹಿದ.

‘ಈಗ ಹುಟ್ಯಾದಲ್ಲ, ಬೆಳೀತದ. ಹೌದಿಲ್ರಿ ಸರ್?’ ಎಂದು ರಾಧಿಕಾ ಅವನ ಕಡೆ ತಿರುಗಿದರು. ಅವರ ಕೈಯಲ್ಲಿ ಫೋನಿತ್ತು. ‘ಸ್ವಲ್ಪ ಎತ್ತಿ ಹಿಡೀರಿ. ಫೋಟೋ.’

ಹೊರಗೆ ಬಸ್ಸಿನ ಹಾರ್ನು ಕೇಳಿಸಿತು. ಕೌಸ್ತುಭ ಚೀಲದಿಂದ ಕೈ ತೆಗೆದು ಬಾಟಲಿಯನ್ನು ಮುಖದ ಎತ್ತರಕ್ಕೆ ಹಿಡಿದ. ಕಣಜ ಗಾಜಿನ ಒಳಮೈ ಹತ್ತಿ, ಅವನ ಕಣ್ಣಿಗೆ ನೇರವಾಗಿ ನಿಂತು, ಮುಂಗಾಲುಗಳಿಂದ ಮುಖ ಒರೆಸಿಕೊಳ್ಳತೊಡಗಿತು. ಅದರ ಹಿಂದೆ ಒಣಗಿದ ಕೋಶ, ಎಳೆ ನೂಲಿನ ಪಟ್ಟಿಯಲ್ಲಿ ಮೊದಲಿನ ಹಾಗೆಯೇ ಒರಗಿಕೊಂಡಿತ್ತು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.