ನೀರು ಬಿಟ್ಟ ದಿನ

ಕಳುವಾದ ಸುದ್ದಿ ತನ್ನ ಮನೆಯವರೆಗೆ ಮುಟ್ಟಿದ ಕೂಡಲೇ ಮಾರೆಣ್ಣ ಇಸ್ತ್ರಿಪೆಟ್ಟಿಗೆಯ ಕೆಂಡವನ್ನು ಸುರಿದು ನೀರು ಚಿಮುಕಿಸಿದ. ಇಸ್ತ್ರಿಯಾದ ಬಟ್ಟೆ ಒಂದು ಗಂಟು, ಆಗದ್ದು ಒಂದು ಗಂಟು ಕಟ್ಟಿಟ್ಟ. ಆಮೇಲೆ ಅಂಗಿ ಬದಲಿಸಿ, ತಲೆ ಬಾಚಿಕೊಂಡು, ಕಟ್ಟೆಯ ಮೇಲೆ ಕುಳಿತ. ಪೊಲೀಸರು ಇನ್ನೂ ಬಂದಿರಲಿಲ್ಲ.

"ಯಾಕ ಕಾಕಾ, ಇಷ್ಟ್ ಲಗೂನ ಮುಚ್ಚಿದಿ?" ಕಾಲೇಜಿನ ಚೂಡಿದಾರ ಒಯ್ಯಲು ಬಂದ ಶಬಾನಾ ಕೇಳಿದಳು.

"ಅಂಬಮ್ಮನ ಮನ್ಯಾಗ ಫೋನ್ ಹೋಗೇತಂತ. ಕರಕೊಂಡ್ ಹೋಗಾಕ ಬರ್ತಾರ. ಮಂದಿ ಬಟ್ಟಿ ಅರ್ಧಕ್ಕ ಬಿಟ್ ಹೋಗಬಾರ್ದವ್ವ."

ಹರೆಯದಲ್ಲಿ ಒಮ್ಮೆ ಕುರುಗೋಡಿನಲ್ಲಿ ಸೈಕಲ್ ಕದ್ದು ಸಿಕ್ಕಿಬಿದ್ದಿದ್ದ, ಅಷ್ಟೇ. ಶಿಕ್ಷೆ ಮುಗಿಸಿ ಬಳ್ಳಾರಿಯ ಕೌಲ್ ಬಜಾರಿಗೆ ಬಂದು ಇಸ್ತ್ರಿಪೆಟ್ಟಿಗೆ ಹಿಡಿದವನಿಗೆ ಈಗ ತಲೆಯೆಲ್ಲ ಬೆಳ್ಳಗಾಗಿದೆ. ಆದರೂ ಓಣಿಯಲ್ಲಿ ಸೂಜಿ ಕಳೆದರೂ ಮೊದಲು ಅವನ ಹೆಸರೇ. ಹೋದ ಸಲ ಪೊಲೀಸರು ಬಿಟ್ಟು ಕಳಿಸಿದಾಗ ಎಡಗೈ ಎತ್ತಲಾಗದೆ ಎಷ್ಟೋ ದಿನ ಬಲಗೈಯೊಂದರಲ್ಲೇ ಇಸ್ತ್ರಿ ಮಾಡಿದ್ದ. ಈ ಸಲ ಹೋದರೆ ಆ ಮೈ ತಡೆಯುವಂತಿರಲಿಲ್ಲ.

ಗಣಿಯ ದುಡ್ಡು ಬಳ್ಳಾರಿಗೆ ಇಳಿದ ಕಾಲ ಅದು. ಹೆಲಿಕಾಪ್ಟರ್ ಹಾರಿದರೆ ಜನ ಕತ್ತೆತ್ತಿ ನೋಡುವುದನ್ನೂ ಬಿಟ್ಟಿದ್ದರು. ಶಬಾನಾಳ ಅಪ್ಪ ದಸ್ತಗೀರಸಾಬ್ ಹತ್ತಿ ಹಿಂಜಿ ಗಾದಿ ಹೊಲಿಯುವವನು; ಅದಿರು ಲಾರಿಗಳ ಸೀಟಿಗೆ ಗಾದಿ ಮಾಡಿ ಮಾಡಿ ಮನೆಗೊಂದು ಮೊಬೈಲ್ ತಂದಿದ್ದ. ಓಣಿಯ ಎಲ್ಲ ಮನೆಗೂ ಮೊಬೈಲ್ ಬಂದಿತ್ತು. ಬಂದಷ್ಟೇ ಬೇಗ ಒಂದೊಂದಾಗಿ ಮಾಯವೂ ಆಗುತ್ತಿದ್ದವು.

ಶಬಾನಾ ಬಿ.ಎ.ಯಲ್ಲಿ ಅಪರಾಧಶಾಸ್ತ್ರ ತೆಗೆದುಕೊಂಡಾಗ ಓಣಿಯೇ ನಕ್ಕಿತ್ತು. "ಕಳ್ಳರ ಓದು ಓದಿದಾಕೀನ ಯಾವಾಂವ ಲಗ್ನ ಆಕ್ಕಾನ?" ಎಂದಿದ್ದಳು ದೊಡ್ಡಬಸಮ್ಮ. "ಕಳ್ಳ ಅಳಿಯ ಅಂತೂ ಬರಂಗಿಲ್ಲ ಬಿಡು," ಎಂದು ಶಬಾನಾಳ ಅಜ್ಜಿ ಮಾಬುಬೀ ಬಾಯಿ ಮುಚ್ಚಿಸಿದ್ದಳು.

ಈ ವರ್ಷ ಹೇಮಾ ಮೇಡಂ ಅಪರಾಧ ವಿಶ್ಲೇಷಣೆಯ ಪಾಠಕ್ಕೆ ತಂತಮ್ಮ ಓಣಿಯ ಕಳವುಗಳ ನಕ್ಷೆ ಬರೆದು ತರಲು ಹೇಳಿದ್ದರು. ಶಬಾನಾ ಕಳುವಾದ ಮನೆಗಳಿಗೆಲ್ಲ ಕೆಂಪು ಚುಕ್ಕಿ ಇಟ್ಟು ನೋಡಿದರೆ, ಸರಿಯಾಗಿ ನಡುವೆ ಮಾರೆಣ್ಣನ ಮನೆ. ಮತ್ತೊಮ್ಮೆ ಎಣಿಸಿದರೂ ಅದೇ. ಮೇಡಂ ಮಾತ್ರ, "ಎಲ್ಲಿ ಅಂತ ತೋರಿಸಿದೀಯ. ಯಾವಾಗ ಅಂತ ಕೇಳಿದೀಯಾ?" ಎಂದರು.

ಕೇಳಿದರೆ ಯಾರಿಗೂ ತಾರೀಖು ನೆನಪಿಲ್ಲ, ವಾರವೂ ನೆನಪಿಲ್ಲ. ವಾರಕ್ಕೊಮ್ಮೆ, ಪುಣ್ಯವಿದ್ದರೆ, ನಳದಲ್ಲಿ ನೀರು ಬರುವ ಊರಿನ ಹೆಂಗಸರಿಗೆ ಬೇರೆ ಪಂಚಾಂಗ ಯಾಕೆ ಬೇಕು? "ನೀರು ಬಿಟ್ಟ ದಿನಾನ ಹೋತವ್ವ" ಎಂದೇ ಎಲ್ಲರೂ ಹೇಳಿದ್ದರು. ಇವತ್ತು ಬೆಳಿಗ್ಗೆಯೂ ನೀರು ಬಂದಿತ್ತು. ಶಬಾನಾ ಮಾರೆಣ್ಣನ ಕಡೆ ನೋಡಿದಳು. ಅವನ ಪಂಚೆಯ ಅಂಚು ಇನ್ನೂ ಒದ್ದೆಯಾಗಿತ್ತು.

ಅಷ್ಟರಲ್ಲಿ ಜೀಪು ಬಂತು. ಹಿಂದೆ ಅಂಬಮ್ಮ, ಅವಳ ಹಿಂದೆ ಅರ್ಧ ಓಣಿ.

"ಏಳಲೇ ಮಾರ್ಯಾ," ಎಂದ ಎಎಸ್‌ಐ. ಮಾರೆಣ್ಣ ಎದ್ದೇ ಬಿಟ್ಟ.

"ಸಾರ್, ಒಂದ್ ನಿಮಿಷ ರೀ." ಶಬಾನಾ ಅಡ್ಡ ಬಂದಳು. "ಅಂಬಮ್ಮಕ್ಕ, ಫೋನ್ ಹೋದಾಗ ನೀವ್ ಎಲ್ಲಿದ್ರಿ?"

"ಎಲ್ಲಿರ್ತೀನಿ, ನಳದ ಮುಂದ! ಬಾಗಲಾ ತೆರದ ಬಿಟ್ಟು ಓಡಿದ್ದೆ."

"ನಿಮ್ ಕೊಡ ಪಾಳೇದಾಗ ಯಾರ್ ಹಿಡದಿದ್ರು?"

ಅಂಬಮ್ಮ ಜೀಪಿನ ಪಕ್ಕ ನಿಂತವನ ಕಡೆ ತಿರುಗಿದಳು. "ಮಾರೆಣ್ಣ," ಎಂದಳು.

"ದೊಡ್ಡಬಸಮ್ಮಜ್ಜಿ, ನಿಮ್ದು ಹೋದಾಗ?"

"ನನಗ ಕೊಡ ಎತ್ತಾಕ ಎಲ್ಲಿ ಆಕ್ಕತಿ? ಅವನ ತುಂಬಿಸಿ ನನ್ನ ಜೋಡಿ ಮನೀತನ ತಂದುಕೊಟ್ಟ... ಅಯ್ಯ ನನ ಶಿವನ!" ಮುದುಕಿ ಎದೆ ಮೇಲೆ ಕೈ ಇಟ್ಟುಕೊಂಡಳು.

ನೀರು ಬಂದಾಗಲೆಲ್ಲ ಜಗಳವಾಗದಂತೆ ಕೊಡಗಳ ಸಾಲು ಕಾಯುವವನು ಮಾರೆಣ್ಣನೇ. ಎಲ್ಲರ ಕಣ್ಣೆದುರಿಗೇ ಇದ್ದ. ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. "ಮಾಡಿದೋರ ಪಾಪ ಆಡಿದೋರ ಬಾಯಾಗ," ಎಂದು ಗುಂಪಿನಲ್ಲಿದ್ದ ಮಾಬುಬೀ ಯಾರನ್ನೂ ನೋಡದೆ ಹೇಳಿದಳು.

"ಎಲ್ಲಾ ಕಳುವು ನೀರು ಬಿಟ್ಟ ದಿನಾನ ಆಗ್ಯಾವ್ರಿ ಸಾರ್," ಎಂದಳು ಶಬಾನಾ. ಎಎಸ್‌ಐ ಟೋಪಿ ತೆಗೆದು ತಲೆ ಕೆರೆದುಕೊಂಡ. ಕೆಟ್ಟವನಲ್ಲ, ಅವಸರದವನು. "ನಾಳೆ ನೀರು ಯಾವ ಓಣಿಗೇನವ್ವ?"

"ಹಿಂದಿನ ಓಣಿಗ್ರಿ ಸಾರ್. ಕಳ್ಳನೂ ನೀರಿನ ಹಿಂದನ ಬರ್ತಾನ."

"ನಾಳೆ ತನಕ ಇರ್ಲಿ ಹಂಗಾರ," ಎಂದು ಎಎಸ್‌ಐ ಜೀಪು ಹತ್ತಿದ.

ಮರುದಿನ ಹಿಂದಿನ ಓಣಿಯಲ್ಲಿ ಖಾಲಿ ಕೊಡ ಹಿಡಿದು ತಿರುಗುತ್ತಿದ್ದ ಪರವೂರಿನವನೊಬ್ಬ ಸಿಕ್ಕ. ನೀರು ಬಿಟ್ಟ ದಿನ ಕೊಡ ಹಿಡಿದವನನ್ನು ಯಾರು ಕೇಳುತ್ತಾರೆ? ಕೊಡದೊಳಗೆ ಫೋನುಗಳಿದ್ದವು. ಸುದ್ದಿ ಕೇಳಿ ಶಬಾನಾಗೆ ಅಳುವೇ ಬಂತು. ಆ ಒಂದು ಪ್ರಶ್ನೆ ಕಲಿಸಿದ ಹೇಮಾ ಮೇಡಂಗೆ ಮನಸ್ಸಿನಲ್ಲೇ ನಮಸ್ಕಾರ ಹೇಳಿದಳು.

ಸಂಜೆ ಮಾರೆಣ್ಣ ಶಬಾನಾಳ ಮನೆಗೆ ಬಂದು ಹೊಸ್ತಿಲಾಚೆ ನಿಂತು ಕೈ ಮುಗಿಯಲು ಹೋದ. "ಅಯ್ಯ, ಏನ್ ಮಾಡ್ತಿ ಕಾಕಾ!" ಎಂದು ಶಬಾನಾ ಕೈ ಹಿಡಿದುಕೊಂಡಳು.

"ಇಷ್ಟ್ ವರ್ಷ ಎಲ್ರೂ 'ಎಲ್ಲಿ ಮುಚ್ಚಿಟ್ಟಿ' ಅಂತನ ಕೇಳ್ಯಾರವ್ವ. ನಾ ಎಲ್ಲಿದ್ದೆ ಅಂತ ಕೇಳಿದಾಕಿ ನೀ ಒಬ್ಬಾಕಿ. ನಿನ್ನ ಹೊಟ್ಟಿ ತಣ್ಣಗಿರ್ಲಿ."

"ಬಾಗಲಾಗ ನಿಂತು ಹರಸಿದ್ರ ಹತ್ತಂಗಿಲ್ಲ. ಒಳಗ ಬಾ," ಎಂದಳು ಮಾಬುಬೀ.

ಇಷ್ಟು ವರ್ಷ ಬಟ್ಟೆಗಳನ್ನು ಹೊಸ್ತಿಲಲ್ಲೇ ಕೊಟ್ಟು ಹೋದವನು, ಒಳಗೆ ಬಂದು ಗಾದಿಯ ಅಂಚಿಗೆ ಕುಳಿತ. ಚಹಾಕ್ಕೆ ನೋಡಿದರೆ ಸಕ್ಕರೆಯಿಲ್ಲ. ಮಾಬುಬೀ ಸೆರಗು ಹೊದ್ದು ಹೊರಟಳು. "ಶಬಾನಾ, ನೀನೂ ಬಾ. ಹಾಲೂ ಬೇಕು." ಗೂಡಿನಲ್ಲಿ ಮೊಬೈಲ್ ಚಾರ್ಜಿಗಿತ್ತು, ಬೀರು ತೆರೆದೇ ಇತ್ತು. ಅಜ್ಜಿ ತಿರುಗಿಯೂ ನೋಡದೆ ಬೀದಿಗಿಳಿದಳು.

ಮರಳಿ ಬರುವಾಗ ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. "ಅವ್ವಾ! ಫೋನ್ ಬಂದೈತ್ರಿ! ಯಾರಾರ ಬರ್ರಿ!" ಎಂದು ಮಾರೆಣ್ಣ ಗಾಬರಿಯಲ್ಲಿ ಕೂಗಿದ.

ಓಡಲು ಹೋದ ಶಬಾನಾಳ ರಟ್ಟೆಯನ್ನು ಮಾಬುಬೀ ಹಿಡಿದಳು. "ಎತ್ತಿ ಮಾತಾಡೋ! ಹಸಿರು ಗುಂಡಿ ಒತ್ತು!" ಎಂದು ಬೀದಿಯಿಂದಲೇ ಕೂಗಿದಳು.

ಮಾರೆಣ್ಣ ಪಂಚೆಗೆ ಕೈ ಒರೆಸಿಕೊಂಡ. ಇನ್ನೊಮ್ಮೆ ಒರೆಸಿಕೊಂಡ. ಆಮೇಲೆ ಎರಡೂ ಕೈಯಲ್ಲಿ ಫೋನು ಎತ್ತಿ ಕಿವಿಗಿಟ್ಟುಕೊಂಡ. ಸಿರುಗುಪ್ಪದ ಫರ್ಹತ್ ಅತ್ತೆಯ ಗಟ್ಟಿ ದನಿ ಬೀದಿಗೂ ಕೇಳಿಸಿತು: "ಯಾರು ಮಾತಾಡೋದು? ಮನ್ಯಾಗ ಯಾರದಾರ?"

"ನಾನ್ರೀ, ಮಾರೆಣ್ಣ," ಎಂದ. ತೆರೆದ ಬಾಗಿಲ ಕಡೆ ನೋಡುತ್ತ, "ಮನ್ಯಾಗ ನಾ ಅದೀನ್ರಿ," ಎಂದ.