ಉಪ್ಪು ಬಿಟ್ಟ ಮನೆ

ಕೂತಲ್ಲಿ ಕೂರುವ ಅಭ್ಯಾಸ ನನಗೆ ಹುಟ್ಟಿನಿಂದಲೇ ಇಲ್ಲ. ಬಸ್ ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕಿದ್ದೂ ಅದಕ್ಕೇ. ಇಡೀ ದಿನ ನಿಂತಿರಬಹುದು, ಊರೂರು ಸುತ್ತಬಹುದು, ಮನಸ್ಸು ಬಂದಾಗ ಜನರ ಮೇಲೆ ರೇಗಬಹುದು, ತಿಂಗಳಾದರೆ ಸಂಬಳವೂ ಬರುತ್ತದೆ. ಅಂಥ ನನಗೆ ಡಾಕ್ಟರು ಹೇಳಿದ ಪಥ್ಯ ಏನು ಗೊತ್ತೇ? ಏಳುವ ಮುಂಚೆ ಮೂವತ್ತು ಎಣಿಸಬೇಕಂತೆ. ಹಾಸಿಗೆಯಿಂದ ಏಳಲು ಮೂವತ್ತು, ಊಟದ ತಟ್ಟೆ ಬಿಟ್ಟು ಏಳಲು ಮೂವತ್ತು. ಮೊದಲ ವಾರ ಹನ್ನೆರಡಕ್ಕೇ ನನಗೆ ಸಿಟ್ಟು ಬಂದುಬಿಡುತ್ತಿತ್ತು.

ಶುರುವಾದದ್ದು ಎರಡು ವರ್ಷದ ಹಿಂದೆ, ಕೊಳ್ಳೇಗಾಲದಿಂದ ಮಹದೇಶ್ವರ ಬೆಟ್ಟಕ್ಕೆ ಹೋಗುವ ಬಸ್ಸಿನಲ್ಲಿ. ತಾಳಬೆಟ್ಟ ದಾಟಿ ಮೂರನೇ ತಿರುವು. ಮುಂದಿನ ಸೀಟಿನಲ್ಲಿ ಕೂತಿದ್ದವಳು ಯಾರೋ ಕರೆದರೆಂದು ದಡಕ್ಕನೆ ಎದ್ದೆ. ಬಸ್ಸೇ ಮಗುಚಿಕೊಂಡಂತಾಯಿತು. ಕಿವಿಯಲ್ಲಿ ಗುಂಯ್ ಎಂದಿತು, ಕಣ್ಣಿನ ಅಂಚಿನಿಂದ ಕಪ್ಪು ಒಳಗೆ ಬಂತು, ಹತ್ತು ಸೆಕೆಂಡು ಕಳೆದು ನೋಡಿದರೆ ಯಾರೋ ಅಜ್ಜಿಯ ತೊಡೆಯ ಮೇಲೆ ನನ್ನ ತಲೆ ಇತ್ತು.

"ಕಂಡಕ್ಟ್ರಮ್ಮಂಗೇ ಬೆಟ್ಟ ಸುತ್ತಾಕ್ತದಲ್ಲಪ್ಪಾ!" ಎಂದು ಹಿಂದಿನಿಂದ ಯಾರೋ ಅಂದರು. ಬಸ್ಸೆಲ್ಲ ನಕ್ಕಿತು. ಅಜ್ಜಿ ನನ್ನ ಮೂಗಿಗೆ ನಿಂಬೆಹಣ್ಣು ಹಿಡಿದಳು. ವಾಂತಿ ಮಾಡುವವರಿಗೆ ಹತ್ತು ವರ್ಷ ಕವರ್ ಹಂಚಿದವಳು ನಾನು. ಆವತ್ತಿನ ಅವಮಾನ ಈಗಲೂ ಉರಿಯುತ್ತದೆ.

ತಿರುವಿನದೇ ತಪ್ಪು ಎಂದುಕೊಂಡು ಡಿಪೋದಲ್ಲಿ ಕಾಡಿ ಬೇಡಿ ಯಳಂದೂರಿನ ರೂಟು ಹಾಕಿಸಿಕೊಂಡೆ. ಅದು ಮಟ್ಟಸ ರಸ್ತೆ, ಗದ್ದೆ ಬಯಲು. ಎರಡನೇ ವಾರ ಮಾಂಬಳ್ಳಿಯ ಹತ್ತಿರ, ನೆಟ್ಟಗೆ ಹೋಗುತ್ತಿದ್ದ ಬಸ್ಸಿನಲ್ಲಿ ಮತ್ತೆ ಅದೇ ಆಯಿತು. ಈ ಸಲ ಕಂಬ ಹಿಡಿದುಕೊಂಡೆ. ಡ್ರೈವರ್ ಶಿವನಂಜಯ್ಯ ಕನ್ನಡಿಯಲ್ಲಿ ನೋಡಿ, "ಇಲ್ಲಿ ಯಾವ್ ಬೆಟ್ಟ ಅದೆ ಭವ್ಯಮ್ಮ?" ಎಂದ.

ಮಧುವನಹಳ್ಳಿಯ ಮನೆಯಲ್ಲಿ ಇರುವುದು ನಾನು ಮತ್ತು ನನ್ನ ಅವ್ವ ವೀರಮ್ಮ, ಇಬ್ಬರೇ. ಅವ್ವನಿಗೆ ಉತ್ತರ ಸಿದ್ಧವಿತ್ತು. ಸೋಮವಾರ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಹುಲಿಯ ಮೇಲೆ ಕೂತ ಮಾದಪ್ಪನ ಪಟದ ಮುಂದೆ ನಿಂತು ಹರಕೆ ಕಟ್ಟಿದಳು.

"ನನ್ ಮಗಳ ತಲೆಸುತ್ತು ಓಗಗಂಟ ಈ ಮನೇಲಿ ಯಾರೂ ಉಪ್ಪು ಬಾಯ್ಗಿಕ್ಕಲ್ಲ ಕಣಪ್ಪ."

ಆಮೇಲೆ ಉಪ್ಪಿನ ಜಾಡಿಗೆ ಬಟ್ಟೆ ಕಟ್ಟಿ, ಅಡುಗೆಮನೆಯಲ್ಲಿ ರಾಗಿ ಡ್ರಮ್ಮಿನ ಹಿಂದೆ ನೆಲದ ಮೇಲೆ ಇಟ್ಟಳು. ನಮ್ಮ ಕಡೆ ಮಾದಪ್ಪನಿಗೆ ಹೇಳಿಕೊಂಡ ಮಾತು ಅಂದರೆ ಮಾತು, ನಡುವೆ ರಾಜಿ ಪಂಚಾಯಿತಿ ಇಲ್ಲ. ಮುದ್ದೆ ಸಪ್ಪೆ, ಹುರುಳಿಕಾಳಿನ ಸಾರು ಸಪ್ಪೆ, ಮಜ್ಜಿಗೆ ಸಪ್ಪೆ. ನಾನು ಗೊಣಗುತ್ತಲೇ ಉಂಡೆ. ಸುತ್ತು ಕಡಿಮೆಯಾಗುವುದಿರಲಿ, ವಾರಕ್ಕೊಂದು ಬರುತ್ತಿದ್ದದ್ದು ದಿನಕ್ಕೆರಡಾಯಿತು. ಅದು ಹೆಚ್ಚಿದಷ್ಟೂ ಅವ್ವ ಬಿಗಿಯಾದಳು. ಮೊದಲು ಹಪ್ಪಳ ಹೋಯಿತು, ಆಮೇಲೆ ಉಪ್ಪಿನಕಾಯಿ, ಕೊನೆಗೆ ನೆಂಟರ ಮನೆಯ ಊಟವೂ ಹೋಯಿತು.

ನಾಲ್ಕು ತಿಂಗಳಾದ ಮೇಲೆ ಶಿವನಂಜಯ್ಯನೇ ಬೈದು ಮೈಸೂರಿನ ಆಸ್ಪತ್ರೆಗೆ ಕಳಿಸಿದ. ಅಲ್ಲಿ ನನ್ನನ್ನು ಮಂಚಕ್ಕೆ ಬೆಲ್ಟು ಕಟ್ಟಿ, ಮಂಚವನ್ನೇ ನೆಟ್ಟಗೆ ನಿಲ್ಲಿಸಿದರು. ಬಿ.ಪಿ. ಸರ್ರನೆ ಇಳಿಯಿತು. ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ನಾವು ಎದ್ದು ನಿಂತಾಗ ರಕ್ತ ಕಾಲಿಗೆ ಇಳಿಯುತ್ತದಂತೆ. ಅದನ್ನು ಮೇಲಕ್ಕೆ ತಳ್ಳುವ ಕೆಲಸ, ಎದೆಬಡಿತ ನೋಡಿಕೊಳ್ಳುವ ಕೆಲಸ, ಇವೆಲ್ಲ ನಮ್ಮನ್ನು ಕೇಳದೆ ತಾವೇ ನಡೆಸುವ ನರಗಳದ್ದು. ನನ್ನ ಆ ನರಗಳು ತಡ ಮಾಡುತ್ತವೆ. ಆ ಹೊತ್ತು ತಲೆಗೆ ರಕ್ತ ಸಾಲದು.

"ಪೂರ್ತಿ ಹೋಗುತ್ತೆ ಅಂತ ಹೇಳಲ್ಲಮ್ಮ. ಆದರೆ ಹಿಡಿತಕ್ಕೆ ತಗೊಬಹುದು. ನೀರು ಜಾಸ್ತಿ ಕುಡಿಯಿರಿ, ಎಣಿಸಿ ಏಳಿ, ನಿಂತಾಗ ಮೀನಖಂಡ ಬಿಗಿಮಾಡಿ. ಮತ್ತೆ ನಿಮಗೆ ಉಪ್ಪು ಜಾಸ್ತಿ ಬೇಕು. ಎಷ್ಟು ತಿಂತೀರಿ?"

ನಾನು ನಕ್ಕುಬಿಟ್ಟೆ, ಆಮೇಲೆ ಅಲ್ಲೇ ಅತ್ತೆ.

ಅವ್ವನಿಗೆ ನೀರಿನ ವಿಷಯ ಹೇಳಿದೆ, ಎಣಿಸುವ ವಿಷಯ ಹೇಳಿದೆ, ಉಪ್ಪಿನ ವಿಷಯ ಹೇಳಲಿಲ್ಲ. ಹೇಳಿದ್ದರೆ ಅವಳು ಡಾಕ್ಟರನ್ನು ನಂಬಬೇಕಿತ್ತು, ಇಲ್ಲ ಮಾದಪ್ಪನನ್ನು. ಅವಳನ್ನು ಅಂಥ ಇಕ್ಕಟ್ಟಿಗೆ ಸಿಕ್ಕಿಸಲು ನನಗೆ ಧೈರ್ಯ ಬರಲಿಲ್ಲ. ಕದ್ದು ತಿನ್ನತೊಡಗಿದೆ. ಶಿವನಂಜಯ್ಯನ ಡಬ್ಬಿಯ ಉಪ್ಪಿನಕಾಯಿ, ಯಳಂದೂರಿನ ಬಸ್ ಸ್ಟ್ಯಾಂಡಿನಲ್ಲಿ ಉಪ್ಪು ಬೆರೆಸಿದ ಮಜ್ಜಿಗೆ, ಕಾಕಿ ಅಂಗಿಯ ಜೇಬಿನಲ್ಲಿ ಕಾಗದಕ್ಕೆ ಕಟ್ಟಿದ ಉಪ್ಪು. ಮೂವತ್ತೈದು ವರ್ಷದ ಹೆಂಗಸು ಬಸ್ಸಿನ ಬಾಗಿಲ ಕಂಬಕ್ಕೆ ಒರಗಿ ಅಂಗೈಯಿಂದ ಉಪ್ಪು ನೆಕ್ಕುವುದನ್ನು ನೋಡಿ ಶಾಲೆ ಮಕ್ಕಳು ಮುಸಿಮುಸಿ ನಗುತ್ತಿದ್ದವು.

ಎರಡು ತಿಂಗಳಲ್ಲಿ ನಾನು ಗೆಲುವಾದೆ. ಸುತ್ತು ಪೂರ್ತಿ ಹೋಗಲಿಲ್ಲ. ಬಂದರೆ ಬರುವ ಮುಂಚೆಯೇ ಗೊತ್ತಾಗುತ್ತಿತ್ತು, ಕಾಲು ಬಿಗಿ ಮಾಡಿ ಕಂಬ ಹಿಡಿದರೆ ಐದು ಸೆಕೆಂಡಿಗೆ ಹೋಗುತ್ತಿತ್ತು. ಅವ್ವ ಪಟದ ಮುಂದೆ ನಿಂತು, "ನಡಸ್ಕೊಟ್ಟೆ ಕಣಪ್ಪ, ಇನ್ನೊಸಿ ಬಾಕಿ ಅದೆ" ಎನ್ನುತ್ತಿದ್ದಳು. ನನಗೆ ಒಳಗೊಳಗೇ ಮುಳ್ಳಾಡುತ್ತಿತ್ತು. ನಾಳೆ ಹೇಳೋಣ ಎನ್ನುತ್ತಾ ದಿನ ತಳ್ಳಿದೆ. ಅವಳಿಗೆ ಅರವತ್ತೆಂಟು ವರ್ಷ, ಮೂತ್ರದಲ್ಲಿ ಉಪ್ಪು ಇಳಿಸುವ ಬಿ.ಪಿ. ಮಾತ್ರೆ ನುಂಗುತ್ತಾಳೆ, ಅವಳ ಮೈಗೂ ಉಪ್ಪು ಬೇಕು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನನ್ನ ರೋಗದಲ್ಲಿ ನಾನು ಅಷ್ಟು ಮುಳುಗಿದ್ದೆ.

ಹೋದ ಆಷಾಢದಲ್ಲಿ ಒಂದು ಬೆಳಗ್ಗೆ ಹಿತ್ತಲಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಓಡಿಹೋದೆ. ಅವ್ವ ಕೊಟ್ಟಿಗೆಯ ಗೋಡೆಗೆ ಒರಗಿ ಕೂತು ನನ್ನನ್ನೇ ನೋಡುತ್ತಾ, "ನೀನ್ಯಾರವ್ವ? ನನ್ ಮಗ ಎಲ್ಲಿ?" ಎಂದಳು. ಮಗ ಅನ್ನುವುದು ನನ್ನನ್ನೇ, ಚಿಕ್ಕಂದಿನಿಂದ ಹಾಗೇ ಕರೆಯುವುದು.

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ರಕ್ತ ನೋಡಿ, ಸೋಡಿಯಂ ಪಾತಾಳಕ್ಕೆ ಇಳಿದಿದೆ ಎಂದರು. ಮೂರು ದಿನ ಡ್ರಿಪ್ ಹಾಕಿದರು, ಮಾತ್ರೆ ಬದಲಾಯಿಸಿದರು. ಎರಡನೇ ದಿನ ಅವ್ವನಿಗೆ ನನ್ನ ಗುರುತು ಸಿಕ್ಕಿತು. ಬಾಟಲಿಯಲ್ಲಿ ಇರುವುದು ಉಪ್ಪುನೀರು ಎಂದು ನರ್ಸ್ ಬಾಯಿಬಿಟ್ಟಾಗ ಅವ್ವ ಸೂಜಿ ಕೀಳುತ್ತಾಳೆಂದು ನಾನು ಕೈ ಹಿಡಿದುಕೊಂಡೆ. ಅವಳು ಬಾಟಲಿಯತ್ತ ಕಣ್ಣೆತ್ತಿ, "ಬಾಯ್ಗಿಕ್ಕಲ್ಲ ಅಂದಿದ್ದೆ. ಇದು ರಟ್ಟೇಲಿ ಓಯ್ತಾ ಅದೆ, ಬುಡು" ಎಂದಳು.

ಆಗ ಎಲ್ಲ ಹೇಳಿಬಿಟ್ಟೆ. ಕದ್ದು ತಿಂದದ್ದು, ವಾಸಿಯಾದದ್ದು ಉಪ್ಪಿನಿಂದ ಎಂಬುದು, ಎಲ್ಲ. ಅವಳು ಚಾವಣಿ ನೋಡುತ್ತಾ ಕೇಳಿದಳು.

"ಗೊತ್ತಿತ್ತು ಕಣ್ ಮಗ. ನಿನ್ ಕಾಕಿ ಅಂಗಿ ಒಗ್ಯೋಳು ಯಾರು? ಜೇಬಲ್ಲಿ ಉಪ್ಪಿನ ಪೊಟ್ಣ ಸಿಕ್ತು."

"ಗೊತ್ತಿದ್ರೂ ಯಾಕವ್ವ ಸುಮ್ಕಿದ್ದೆ? ನೀನಾದ್ರೂ ತಿನ್ನಬಾರ್ದಿತ್ತಾ?"

"ಇಬ್ರೂ ಮುರುದ್ರೆ ಮಾದಪ್ಪಂಗೆ ಕೊಟ್ಟ ಮಾತಿಗೆ ಏನ್ ಬೆಲೆ? ನೀನು ತಿಂದ್ಯಲ್ಲ, ಅದುಕ್ಕೆ ನಾನು ಇನ್ನೂ ಕಟ್ಟಾಗಿ ಬುಟ್ಟೆ. ನಿನ್ ಪಾಲ್ದೂ ನಂದೇ ಇರ್ಲಿ ಅಂತ."

ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ ಎದ್ದು ಹೊರಗೆ ಹೋಗಬೇಕೆನಿಸಿತು. ಎಣಿಸಬೇಕಲ್ಲ, ಹದಿನೈದಕ್ಕೆ ಬರುವಷ್ಟರಲ್ಲಿ ಅಳು ಬಂತು.

ಮನೆಗೆ ಕರೆತಂದ ದಿನ ಮಧ್ಯಾಹ್ನ ಮುದ್ದೆ ಮಾಡಿ ಅವಳ ಮುಂದೆ ಇಟ್ಟೆ. ಉಪ್ಪು ತಿನ್ನದಿದ್ದರೆ ಮತ್ತೆ ಬೀಳುತ್ತೀರಿ, ಮುಂದಿನ ಸಲ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅವ್ವ ತಟ್ಟೆ ಮುಟ್ಟಲಿಲ್ಲ.

"ನಿನ್ ತಲೆಸುತ್ತು ಓಗಗಂಟ ಅಂದಿವ್ನಿ. ಓಯ್ತಾ?"

"ಓಯ್ತು."

"ಪೂರಾ?"

"ಪೂರಾ ಕಣವ್ವ."

ಪಟದ ಹುಲಿ ನನ್ನನ್ನೇ ನೋಡುತ್ತಿತ್ತು. ಅವ್ವನೂ ನೋಡುತ್ತಿದ್ದಳು.

"ಅಂಗಾದ್ರೆ ಅವನ್ ಮುಂದೆ ಎದ್ ತೋರ್ಸು. ನೆಲದಿಂದ. ಮುಂಚೆ ಏಳ್ತಿದ್ಯಲ್ಲ, ದಡಕ್ಕನೆ, ಅಂಗೆ. ಎಣುಸ್ಬ್ಯಾಡ. ಎದ್ದು ಓಗಿ ಜಾಡಿ ತಕಂಬಾ. ತಿಂತೀನಿ."

ನಾನು ಅವಳ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ನಿದ್ದೆಗೆಟ್ಟಿದ್ದೆ, ಬೆಳಗ್ಗೆಯಿಂದ ಸರಿಯಾಗಿ ನೀರು ಕುಡಿದಿರಲಿಲ್ಲ. ಬೀಳುವ ದಿನವೆಂದರೆ ಇಂಥದ್ದೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಿದ್ದರೆ ಅವಳು ಉಪ್ಪು ಮುಟ್ಟುವುದಿಲ್ಲ, ಅದೂ ಗೊತ್ತಿತ್ತು. ಸೀರೆಯೊಳಗೆ ಮೀನಖಂಡ ಬಿಗಿ ಮಾಡಿದೆ, ಮುಷ್ಟಿ ಕಟ್ಟಿದೆ, ಎದ್ದೆ.

ಕಿವಿಯಲ್ಲಿ ಬಸ್ಸು ಹೊರಟಿತು. ಹುಲಿ ಗೋಡೆಯಿಂದ ಇಳಿದು ಎಡಕ್ಕೆ ನಡೆಯಿತು, ಮಾದಪ್ಪ ಅದರ ಹಿಂದೆ ಹೋದ, ಆಮೇಲೆ ಕಪ್ಪು. ಬಿದ್ದೆ ಎಂದೇ ಅಂದುಕೊಂಡೆ. ಆದರೆ ಹುಟ್ಟಿದ ಮನೆ, ಅಡುಗೆಮನೆಗೆ ಎಂಟು ಹೆಜ್ಜೆ, ಅದಕ್ಕೆ ಕಣ್ಣು ಬೇಕಿರಲಿಲ್ಲ. ಕಾಲು ಒತ್ತಿ ಒತ್ತಿ ಇಟ್ಟೆ. ಹೊಸ್ತಿಲು ಬೆರಳಿಗೆ ತಾಗಿತು, ದಾಟಿದೆ. ಡ್ರಮ್ಮಿನ ಹಿಂದೆ ಬಗ್ಗಿ ಜಾಡಿ ಹಿಡಿದಾಗ ನೆನಪಾಯಿತು, ಇನ್ನೊಂದು ಸಲ ಏಳಬೇಕು. ಭುಜದಿಂದ ಗೋಡೆಗೆ ಆತುಕೊಂಡು ಎದ್ದೆ, ಜಾಡಿ ಡ್ರಮ್ಮಿಗೆ ಬಡಿದು ಠಣ್ ಎಂದಿತು. ಬೆವರಿಗೆ ಮೈ ತೋಯ್ದ ಬಟ್ಟೆಯ ಹಾಗಾಗಿತ್ತು. ಕಂಬದಿಂದ ಕಂಬಕ್ಕೆ ಹೋಗುವವಳ ಹಾಗೆ ಗೋಡೆ, ಬಾಗಿಲು, ಗೋಡೆ ಹಿಡಿದು ಬಂದೆ.

ಅವಳ ಮುಂದೆ ನಿಂತಾಗ ಕಪ್ಪು ಅಂಚಿಗೆ ಸರಿಯಿತು. ನಾನು ತೂರಾಡುತ್ತಲೇ ಇದ್ದೆ, ಮುಚ್ಚಿಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಮುಗಿಯಿತು, ನೋಡಿಬಿಟ್ಟಳು ಎಂದುಕೊಂಡು ಅವಳ ಮುಖ ನೋಡಿದೆ.

ಅವ್ವ ಕಣ್ಣು ಮುಚ್ಚಿದ್ದಳು. ಸುಮ್ಮನೆ ಮುಚ್ಚಿದ್ದಲ್ಲ, ಮಕ್ಕಳು ಮುಚ್ಚುವ ಹಾಗೆ ರೆಪ್ಪೆ ಸುಕ್ಕಾಗುವಷ್ಟು ಬಿಗಿಯಾಗಿ. ಕೊರಳಿನ ಲಿಂಗ ಅವಳ ಮುಷ್ಟಿಯಲ್ಲಿತ್ತು.

"ಎದ್ದದ್ದು ಕೇಳುಸ್ತು ಮಾದಪ್ಪ," ಎಂದಳು ಪಟದ ಕಡೆ ತಿರುಗಿ. "ಓದದ್ದು ಕೇಳುಸ್ತು. ಬಂದದ್ದೂ ಕೇಳುಸ್ತು. ನಾನ್ ಸುಳ್ ಯೋಳ್ತಿಲ್ಲ."

ಆಮೇಲೆ ತಟ್ಟೆಯನ್ನು ನನ್ನ ಕಡೆ ಚಾಚಿದಳು. "ಇಕ್ಕು."

ಬಟ್ಟೆ ಬಿಚ್ಚಿ ಉಪ್ಪು ಹಾಕಿದೆ, ಅರ್ಧ ನೆಲಕ್ಕೆ ಬಿತ್ತು. ಅವಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಎಡಗೈಯಿಂದ ತಡಕಿ, ತನ್ನ ಪಕ್ಕದಲ್ಲಿದ್ದ ಮಣೆಯನ್ನು ನನ್ನ ಕಾಲ ಹತ್ತಿರಕ್ಕೆ ತಳ್ಳಿದಳು.

"ಬೀಳ್ತೀಯ, ಕೂತ್ಕ," ಎಂದಳು.

ನಾನು ಕೂತೆ.